ಒಂದು ಹೆಬ್ಬೆರಳಿನ ತಕರಾರು ಅರ್ಜಿ

ಕನ್ನಡ ಟೈಪಿಂಗಿನಲ್ಲಿ ನಾನು ಸೀನಿಯರ್ ಪರೀಕ್ಷೆ ಪಾಸಾದವನು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಶಿಗ್ಗಾಂವಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಕೆಳಗೆ ಜೋಳ ಬೀಸುವ ಸದ್ದು, ಮೇಲೆ ನಾವು ಎಂಟು ಜನ ಅಕ್ಷರ ಕುಟ್ಟುವ ಸದ್ದು. ಸಂಜೆ ಇಳಿದು ಬರುವಾಗ ಎಲ್ಲರಿಗೂ ತಲೆ ನರೆತಿರುತ್ತಿತ್ತು. ನಮ್ಮ ಮಾಸ್ತರರು ಮಶಿನ್ನಿಗೆ ಒಂದು ಟವೆಲ್ಲು ಹೊದಿಸಿ, ಅದರೊಳಗೆ ನಮ್ಮ ಕೈ ತೂರಿಸಿ, "ನೋಡಬ್ಯಾಡ್ರಿ. ಬೆರಳಿಗೆ ಕಣ್ಣು ಬರಬೇಕು" ಎನ್ನುತ್ತಿದ್ದರು. ವರ್ಷ ತುಂಬುವುದರೊಳಗೆ ನನ್ನ ಹತ್ತೂ ಬೆರಳಿಗೆ ಕಣ್ಣು ಬಂದವು. ಅಂಥ ನಾನು, ಹೋದ ತಿಂಗಳು, ಒಡಹುಟ್ಟಿದ ಅಕ್ಕನಿಗೆ ನಾಲ್ಕು ಸಾಲು ಬರೆದು ಕಳಿಸಲು ಹೋಗಿ ಆಕೆಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಕಾರಣ ಮೊಬೈಲು. ಅದರಲ್ಲಿ ಅಕ್ಷರ ಮೂಡಿಸಲು ಐದಾರು ವಿಧಾನಗಳಿವೆ. ಒಂದೊಂದರ ಮೇಲೂ ನನಗೆ ಬೇರೆ ಬೇರೆ ಸಿಟ್ಟಿದೆ.

ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆ ಉಳಿದವರಿಗಿಂತ ಹೆಚ್ಚು ಎಂದೇ ನನ್ನ ಭಾವನೆ, ಏಕೆಂದರೆ ಬರೆಯುವುದೇ ನನ್ನ ಹೊಟ್ಟೆಪಾಡು. ಹಾನಗಲ್ಲಿನ ತಾಲೂಕು ಕಚೇರಿಯ ಎದುರು ಕುರ್ಚಿ-ಟೇಬಲ್ಲು ಹಾಕಿಕೊಂಡು ಕೂರುವವರ ಸಾಲಿನಲ್ಲಿ ನಾನೂ ಒಬ್ಬ. ಅರ್ಜಿ, ತಕರಾರು, ಕರಾರುಪತ್ರ, ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಕಳಿಸುವ ನೋಟೀಸಿನ ಕರಡು, ಎಲ್ಲವನ್ನೂ ಬರೆದುಕೊಡುತ್ತೇನೆ. ಊರವರ ಅಳಲು, ಸಿಟ್ಟು, ಕ್ಷಮಾಪಣೆ ಎಲ್ಲವೂ ನನ್ನ ಕೈಯಿಂದ ಹಾದುಹೋಗಿವೆ. ಮೊದಲು ಟೈಪ್‌ರೈಟರ್ ಇತ್ತು. ಅದರ ಬಿಡಿಭಾಗ ಸಿಗುವುದು ನಿಂತ ಮೇಲೆ ಕೈಬರಹ. ಈಗ ಮೂರು ವರ್ಷದಿಂದ ಫೋನಿನಲ್ಲೇ ಒತ್ತಿ ಪಕ್ಕದ ಝೆರಾಕ್ಸ್ ಅಂಗಡಿಗೆ ಕಳಿಸುತ್ತೇನೆ. ಅವರು ಪ್ರಿಂಟು ತೆಗೆದುಕೊಡುತ್ತಾರೆ. ಹತ್ತು ಬೆರಳಿನ ಕೆಲಸವನ್ನು ಒಂದು ಹೆಬ್ಬೆರಳಿಗೆ ಹೊರಿಸಿದ್ದಾಯಿತು. ಉಳಿದ ಒಂಬತ್ತು ಪಿಂಚಣಿ ಪಡೆದವರಂತೆ ಸುಮ್ಮನೆ ನೋಡುತ್ತ ಕುಳಿತಿರುತ್ತವೆ.

ಮಗಳು ಸವಿತಾ ಈ ಫೋನು ತಂದುಕೊಟ್ಟ ದಿನ ಮೊದಲು ಕಲಿಸಿದ್ದು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ವಿಧಾನ. ಎಷ್ಟು ಅವಮಾನ ನೋಡಿ. ನಾನು ಕನ್ನಡದವನು, ಓದುವವರು ಕನ್ನಡದವರು, ವಿಷಯ ಬಾವಿಯ ಹೂಳು. ಆದರೂ ಪ್ರತಿ ಅಕ್ಷರವೂ ಇಂಗ್ಲಿಷಿನ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ಒಳಗೆ ಬರಬೇಕು. ಹಾನಗಲ್ಲಿನಿಂದ ಹಿರೇಕೆರೂರಿಗೆ ಹೊರಟವನು ಲಂಡನ್ನಿನಲ್ಲಿ ಬಸ್ಸು ಬದಲಿಸಿದಂತೆ. ಅದನ್ನು ಬಿಟ್ಟು ಕನ್ನಡದ್ದೇ ಕೀಲಿಮಣೆ ಹಾಕಿಸಿಕೊಂಡೆ. ಅಲ್ಲಿ ಅಕ್ಷರಗಳು ಸಾಸಿವೆ ಗಾತ್ರ, ನನ್ನ ಹೆಬ್ಬೆರಳು ಮುಳಗಾಯಿ ಗಾತ್ರ. ಒಮ್ಮೆ ಇಟ್ಟರೆ ಮೂರು ಅಕ್ಷರಗಳ ಮೇಲೆ ಕೂರುತ್ತದೆ. ಠ ಎಲ್ಲಿದೆ ಎಂಬುದು ಅದನ್ನು ಅಲ್ಲಿ ಬಚ್ಚಿಟ್ಟವನಿಗೇ ಗೊತ್ತು. ಬೆರಳು ಎತ್ತದೆ ಗಾಜಿನ ಮೇಲೆ ಎಳೆಯುವ ಇನ್ನೊಂದು ವಿಧಾನವಿದೆ. ಅದನ್ನು ಮಾಡುವಾಗ ನಾನು ಫೋನಿಗೆ ಮುಲಾಮು ಹಚ್ಚುತ್ತಿದ್ದೇನೆ ಎಂದು ಎದುರಿನವರು ತಿಳಿಯುತ್ತಾರೆ.

ಈ ಎಲ್ಲ ಅಪಮಾನಗಳ ನಡುವೆ ನನ್ನನ್ನು ಸೋಲಿಸಿದ್ದು, ನಿಜ ಹೇಳಬೇಕೆಂದರೆ, ಒಂದು ಉಪಕಾರ. ಕೀಲಿಮಣೆಯ ಮೇಲ್ಭಾಗದಲ್ಲಿ ಒಂದು ಪಟ್ಟಿ ಇರುತ್ತದಲ್ಲ, ಮುಂದಿನ ಶಬ್ದ ಇದೇ ಇರಬೇಕು ಎಂದು ಮೂರು ಶಬ್ದ ಹಿಡಿದುಕೊಂಡು ನಿಂತಿರುವುದು? ಮೊದಮೊದಲು ಅದು ಪೆದ್ದಾಗಿತ್ತು. ಆರು ತಿಂಗಳಲ್ಲಿ ಕಲಿತುಬಿಟ್ಟಿತು. "ಸದರಿ" ಎಂದು ಒತ್ತುವುದರೊಳಗೆ "ಜಮೀನಿನ" ಎಂದು ಹಿಡಿಯುತ್ತಿತ್ತು. "ಈ ಮೂಲಕ" ಎಂದರೆ "ತಿಳಿಯಪಡಿಸುವುದೇನೆಂದರೆ". ಹೆಬ್ಬೆರಳು ಆ ಪಟ್ಟಿಯ ಮೇಲೆ ಕುಣಿದರೆ ಸಾಕು, ಅರ್ಜಿ ತಾನಾಗಿ ಇಳಿಯುತ್ತಿತ್ತು. ನಾನು ಎಷ್ಟು ಹಿಗ್ಗಿದ್ದೆ ಎಂದರೆ, ಸಾಲಿನ ಉಳಿದ ಬರಹಗಾರರ ಮುಂದೆ ಅದನ್ನು ಆಗಾಗ ಮಾಡಿ ತೋರಿಸುತ್ತಿದ್ದೆ.

ಈಗ ಕುಬಸದ ವಿಷಯ. ಸವಿತಾಳಿಗೆ ಏಳು ತಿಂಗಳು. ತವರಿನಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ಉಡಿ ತುಂಬಬೇಕು. ನಮ್ಮ ಕಡೆ ಇಂಥ ಕಾರ್ಯಕ್ಕೆ ಮೊದಲ ಕರೆ ಸೋದರತ್ತೆಗೆ. ಕರೆ ಎಂದರೆ ಮನೆಗೆ ಹೋಗಿ, ಎಲೆ-ಅಡಿಕೆ ಕೈಗಿಟ್ಟು, "ನೀವು ಬಂದು ನಿಂತು ನಡೆಸಿಕೊಡಬೇಕು" ಎಂದು ಹೇಳುವುದು. ಬಸುರಿಯ ಕೈಗೆ ಮೊದಲ ಬಳೆ ಇಡುವವಳೂ ಆಕೆಯೇ. ನಮ್ಮ ಮನೆಯಲ್ಲಿ ಆ ಸೋದರತ್ತೆ ಎಂದರೆ ನನ್ನ ಅಕ್ಕ, ಮಾಸೂರಿನಲ್ಲಿದ್ದಾಳೆ. ನನಗಿಂತ ಏಳು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು.

ಭಾನುವಾರ ಮಾಸೂರಿಗೆ ಹೋಗಿ ಕರೆಯುವುದೆಂದು ನಿಶ್ಚಯಿಸಿದ್ದೆ. ಆದರೆ ನಾನು ಹುಟ್ಟಾ ಚಿಂತೆಯ ಮನುಷ್ಯ. ಭಾನುವಾರ ನನಗೆ ಜ್ವರ ಬಂದರೆ? ಬಸ್ಸು ಕೆಟ್ಟರೆ? ಅಷ್ಟರೊಳಗೆ ಅಕ್ಕ ಬೇರೆ ಯಾರದೋ ಕಾರ್ಯಕ್ಕೆ ಒಪ್ಪಿಕೊಂಡುಬಿಟ್ಟರೆ? ಮುಂಜಾಗ್ರತೆಗೆ ಇರಲೆಂದು ಬುಧವಾರವೇ ಒಂದು ಮೆಸೇಜು ಕಳಿಸಿಬಿಡೋಣ ಎನಿಸಿತು. ಎರಡು ಅರ್ಜಿಗಳ ನಡುವೆ ಬಿಡುವಿತ್ತು. "ಅಕ್ಕ" ಎಂದು ಒತ್ತಿದೆ. ಪಟ್ಟಿ "ರವರಿಗೆ" ಎಂದಿತು. ಸರಿ, ದೊಡ್ಡವಳು, ಮರ್ಯಾದೆ ಇರಲಿ. ಒತ್ತಿದೆ. ಆಮೇಲೆ ಹೆಬ್ಬೆರಳು ಕುಣಿಯಿತು. ಹೋದ ಮೆಸೇಜು ಇದು:

"ಅಕ್ಕ ರವರಿಗೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬರುವ ವಾರ ಗುರುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸವಿತಾಳ ಕುಬಸ ಇರುತ್ತದೆ. ಸದರಿ ಕಾರ್ಯಕ್ಕೆ ತಾವು ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು."

ಓದಿ ನೋಡದೆ ಕಳಿಸಿದೆನೇ ಎಂದು ನೀವು ಕೇಳಬಹುದು. ಇಲ್ಲ. ಎರಡು ಸಲ ಓದಿದೆ. ಒಂದು ತಪ್ಪೂ ಕಾಣಲಿಲ್ಲ. ದಿನ ಸರಿಯಿತ್ತು, ಸ್ಥಳ ಸರಿಯಿತ್ತು, ಭಾಷೆ ಶುದ್ಧವಿತ್ತು. ಸಮಾಧಾನದಿಂದ ಚಹಾ ತರಿಸಿ ಕುಡಿದೆ.

ಚಹಾದ ಲೋಟ ಕೆಳಗಿಡುವುದರೊಳಗೆ ಅಕ್ಕನ ಗಂಡನ ಫೋನು ಬಂತು.

"ಏನಪಾ ಬಸವರಾಜ, ನಿಮ್ಮಕ್ಕಗ ನೋಟೀಸ್ ಕೊಟ್ಟೀಯಂತಲ್ಲ?"

"ನೋಟೀಸಲ್ಲ ಮಾವಾ, ಕುಬಸಕ್ಕ ಕರದೇನಿ."

"ಕರಿಯೋದು ಹಿಂಗನ? ನಾ ಓದಿ ಗಾಬರ್ಯಾದೆ. ನಿಮ್ಮಪ್ಪನ ಹೊಲದ ಹಿಸ್ಸಾದ್ದು ಏನರ ಕೆದರಿದಿ ಅಂತ ತಿಳದೆ."

"ಅಕ್ಕನ ಕೈಯಾಗ ಕೊಡ್ರಿ ಮಾವಾ, ನಾ ಹೇಳ್ತೇನಿ."

"ಇಲ್ಲೇ ಬಾಜೂಕ ಕುಂತಾಳ. ಮಾತಾಡಂಗಿಲ್ಲಂತ. ಬರದ ಕೇಳ್ಯಾನ, ಬರದ ಹೇಳ್ತೇನಿ ಅಂತಾಳ."

ಅರ್ಧ ತಾಸಿನ ನಂತರ ಅಕ್ಕನ ಉತ್ತರ ಬಂತು: "ನನ್ನ ಹೇಳಿಕೆ ಏನೂ ಇಲ್ಲ."

ಆ ನಾಲ್ಕು ಶಬ್ದಗಳ ಭಾರ ತಿಳಿಯಬೇಕಾದರೆ ಅಕ್ಕನ ಫೋನು ಎಂಥದ್ದೆಂದು ನಿಮಗೆ ಗೊತ್ತಿರಬೇಕು. ಅದು ಗುಂಡಿಗಳ ಫೋನು. ಕನ್ನಡ ಮೂಡುತ್ತದೆ, ಆದರೆ ಗಾಜು ಸವರಿದರೆ ಅಲ್ಲ, ಗುಂಡಿ ಒತ್ತಿದರೆ. ಒಂದೊಂದು ಗುಂಡಿಯ ಹೊಟ್ಟೆಯಲ್ಲಿ ಒಂದೊಂದು ವರ್ಗ: ಕವರ್ಗಕ್ಕೆ ಒಂದು, ಚವರ್ಗಕ್ಕೆ ಒಂದು. ಕ ಬೇಕಾದರೆ ಒಂದು ಸಲ, ಗ ಬೇಕಾದರೆ ಮೂರು ಸಲ ಒತ್ತಬೇಕು. ನ ಎಂಬುದು ತವರ್ಗದ ಬಾಲದಲ್ಲಿ ಕುಳಿತಿದೆ; ಐದು ಸಲ ಒತ್ತಿದರೆ ಒಂದು ನ. ಸಾವಿರಾರು ವರ್ಷದ ಹಿಂದೆ ಯಾರೋ ಗಂಟಲಿನಿಂದ ತುಟಿಯವರೆಗೆ ನಾಲಿಗೆಯ ದಾರಿ ಹಿಡಿದು ಅಕ್ಷರಗಳನ್ನು ಅಷ್ಟು ಚಂದ ಜೋಡಿಸಿಟ್ಟರು. ಆ ಜೋಡಣೆಗೆ ಕೊನೆಗೂ ಸರಿಯಾದ ಮನೆ ಸಿಕ್ಕಿದ್ದು ಈ ಅಗ್ಗದ ಗುಂಡಿಗಳಲ್ಲಿ. ಅದನ್ನೇ ನಾವು ಹಳತೆಂದು ಎಸೆದೆವು! ಇರಲಿ. ನಾನು ಅಕ್ಕನ ಉತ್ತರವನ್ನು ಬೆರಳಿನಲ್ಲೇ ಲೆಕ್ಕ ಹಾಕಿದೆ. ಹತ್ತಿರ ಹತ್ತಿರ ಐವತ್ತು ಒತ್ತು. ನನ್ನ ಉದ್ಧಟತನ ಪಟ್ಟಿಯ ಮೇಲೆ ಕುಣಿದು ಅರ್ಧ ನಿಮಿಷದಲ್ಲಿ ಆದದ್ದು. ಆಕೆಯ ಸಿಟ್ಟು ಐವತ್ತು ಸಲ ಒತ್ತಿ, ಒಂದೊಂದು ಒತ್ತಿಗೂ ಯೋಚಿಸಿ, ಬೇಕೆಂದೇ ಕಳಿಸಿದ್ದು. ನಡುವೆ ಎಲ್ಲಾದರೂ ಮನಸ್ಸು ಕರಗಬೇಕೆಂದಿದ್ದರೆ ಬೇಕಾದಷ್ಟು ಸಮಯವಿತ್ತು. ಕರಗಿರಲಿಲ್ಲ.

ಮನೆಗೆ ಬಂದು ತಪ್ಪನ್ನು ಫೋನಿನ ಮೇಲೆ ಹಾಕಿದೆ. ಹೆಂಡತಿ ಸರೋಜಾ ಸವಣೂರಿನವಳು. ಅವಳ ತವರಿನಲ್ಲಿ ವೀಳ್ಯದೆಲೆಯ ತೋಟವಿದೆ. ಎಲೆಯ ಖಾರ ನಾಲಿಗೆಯಲ್ಲೂ ಇದೆ.

"ಫೋನಿಗೇನ ಕನಸ ಬಿದ್ದಿತ್ತೇನ್ರಿ, 'ಹಾಜರಾಗತಕ್ಕದ್ದು' ಅಂತ? ನೀವ ಕಲಿಸಿದ್ದು. ಗಿಳಿ ಬೈದ್ರ ಸಾಕಿದವರನ್ನ ಕೇಳಬೇಕು."

"ನಾ ಕಲಿಸಿದ್ದು ಅರ್ಜಿಗೆ."

"ಅದಕ್ಕೇನ ಗೊತ್ತು, ಯಾವದು ಅರ್ಜಿ, ಯಾರು ಅಕ್ಕ ಅಂತ? ನಿಮಗೇ ಗೊತ್ತಾಗಿಲ್ಲ!"

ಒಳಗಿನಿಂದ ಸವಿತಾ ನಿಧಾನಕ್ಕೆ ನಡೆದು ಬಂದು ಬಾಗಿಲಿಗೆ ಒರಗಿ ನಿಂತಳು. "ಅಪ್ಪಾ, ಅತ್ತಿ ಬರಲಿಲ್ಲಂದ್ರ ನಾ ಮಣಿ ಮ್ಯಾಲೆ ಕುಂದ್ರಂಗಿಲ್ಲ ನೋಡು. ನೀನ ಕುಂದ್ರು. ನಿನಗ ಉಡಿ ತುಂಬ್ತಾರ."

ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಆಕೆಗೆ ಅತ್ತೆ ಎಂದರೆ ಜೀವ. ಕುಬಸಕ್ಕೆ ಎಂಟೇ ದಿನ ಉಳಿದಿತ್ತು.

ಗುರುವಾರ, ಶುಕ್ರವಾರ ಎರಡೂ ದಿನ ನಾನು ಅಕ್ಕನಿಗೆ ಫೋನು ಮಾಡಿದೆ. ಸ್ವಿಚ್ ಆಫ್ ಆಗಿದ್ದರೂ ಸಮಾಧಾನವಿರುತ್ತಿತ್ತು; ರಿಂಗಾಗಿ ಕಟ್ಟಾಗುತ್ತಿತ್ತು. ಸರಿ, ಬರೆದೇ ತಪ್ಪೊಪ್ಪಿಕೊಳ್ಳೋಣ, ಈ ಸಲ ಪಟ್ಟಿಯ ಕಡೆ ನೋಡುವುದೇ ಬೇಡ ಎಂದು ಬಾಯಿಯಿಂದ ಹೇಳಿ ಬರೆಸುವ ವಿಧಾನ ಹಿಡಿದೆ. ಮೈಕಿನ ಚಿತ್ರ ಒತ್ತಿ, "ಅಕ್ಕಾ, ಸಿಟ್ಟಿಗೇಳಬ್ಯಾಡ, ನಾ ಏನ್ ಬೇಕಂತ ಮಾಡೇನಿಲ್ಲ" ಎಂದೆ. ಫೋನು ಸ್ವಲ್ಪ ಹೊತ್ತು ತಿರುಗಿ, ಮತ್ತೊಮ್ಮೆ ಹೇಳಿ ಎಂದಿತು. ಮತ್ತೊಮ್ಮೆ ಹೇಳಿದೆ. ಮತ್ತೊಮ್ಮೆ ಹೇಳಿ ಎಂದಿತು. ಕೊನೆಗೆ ರೇಡಿಯೋದಲ್ಲಿ ವಾರ್ತೆ ಓದುವವರ ದನಿಯಲ್ಲಿ, "ಅಕ್ಕ, ದಯವಿಟ್ಟು ಕೋಪಗೊಳ್ಳಬೇಡಿ" ಎಂದೆ. ಥಟ್ಟನೆ ಬರೆದುಕೊಂಡಿತು! ನೋಡಿದಿರಾ ಸೊಕ್ಕು? ನಾನು ಹುಟ್ಟಿ ಬೆಳೆದ ಮಾತಿನಲ್ಲಿ ತಪ್ಪೊಪ್ಪಿಕೊಂಡರೆ ಅದಕ್ಕೆ ಕಿವಿಯೇ ಇಲ್ಲ. ಹೊತ್ತು ಬೆಳೆಸಿದ ಅಕ್ಕನಿಗೆ "ಕೋಪಗೊಳ್ಳಬೇಡಿ" ಎಂದು ಕಳಿಸಿದರೆ ಎರಡನೆಯ ನೋಟೀಸು ಬಂತೆಂದೇ ಆಕೆ ತಿಳಿದಾಳು. ಅಷ್ಟರಲ್ಲಿ ಪಕ್ಕದ ಟೇಬಲ್ಲಿನವರು ತಮ್ಮ ಗಿರಾಕಿಗೆ ಜೋರಾಗಿ ಹೇಳಿದ ಸರ್ವೆ ನಂಬರನ್ನೂ ಸೇರಿಸಿಕೊಂಡಿತು. ಅಳಿಸಿದೆ.

ಬೆರಳಿನಿಂದ ಗಾಜಿನ ಮೇಲೆ ಅಕ್ಷರ ಬರೆಯುವ ವಿಧಾನವೊಂದು ಉಳಿದಿತ್ತು. ನನ್ನ ಕೈಬರಹ ಈ ತಾಲೂಕಿನಲ್ಲಿ ಹೆಸರುವಾಸಿ. ಗಾಜಿನ ಮೇಲೆ ಬರೆದರೆ ಅದು ಅಕ್ಷರ ಕಲಿಯುವ ಹುಡುಗ ಮರಳಿನಲ್ಲಿ ತಿದ್ದಿದಂತೆ ಕಂಡಿತು. ಅದನ್ನೂ ಬಿಟ್ಟೆ. "ಒಂದು ಕೈ ಮುಗಿಯೋ ಚಿತ್ರ ಕಳಿಸ್ರಿ ಅತ್ಲಾಗ" ಎಂದಳು ಸರೋಜಾ. ಅಕ್ಕನ ಫೋನಿನಲ್ಲಿ ಆ ಚಿತ್ರ ಬರೀ ಡಬ್ಬಿಯಾಗಿ ಕಾಣುತ್ತದೆ. ತಪ್ಪಾಯಿತು ಎಂದು ಖಾಲಿ ಡಬ್ಬಿ ಕಳಿಸುವುದೇ?

ಸಿದ್ಧ ಮಾತುಗಳ ರೋಗ ಈ ಫೋನಿನಿಂದಲೇ ಶುರುವಾದದ್ದಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಹಿಂದೆ ತಂತಿ ಇದ್ದಾಗ ಪೋಸ್ಟಾಫೀಸಿನಲ್ಲಿ ಶುಭಾಶಯಗಳ ಒಂದು ಯಾದಿ ತೂಗುಹಾಕಿರುತ್ತಿದ್ದರು. ಮದುವೆಗೆ ಒಂದು ನಂಬರು, ಹಬ್ಬಕ್ಕೆ ಒಂದು ನಂಬರು. ನೀವು ನಂಬರು ಹೇಳಿದರೆ ಸಾಕು, ಆ ಕಡೆ ಹಾರೈಕೆ ಬಿಚ್ಚಿಕೊಳ್ಳುತ್ತಿತ್ತು. ಆದರೆ ಆ ಯಾದಿಯಲ್ಲಿ ಅಕ್ಕನ ಸಿಟ್ಟು ಇಳಿಸುವುದಕ್ಕೆ ನಂಬರು ಇದ್ದ ನೆನಪಿಲ್ಲ. ಇದ್ದಿದ್ದರೆ ನಾನು ಬಾಯಿಪಾಠ ಮಾಡಿಕೊಂಡಿರುತ್ತಿದ್ದೆ.

ಭಾನುವಾರ ಸರೋಜಾ ಒದ್ದೆ ಬಟ್ಟೆಯಲ್ಲಿ ಸವಣೂರಿನ ಎಲೆ ಸುತ್ತಿ, ಅಡಿಕೆ ಇಟ್ಟು ಕೈಗೆ ಕೊಟ್ಟಳು. "ನಾನೂ ಬರಾಕಿದ್ದೆ. ಆದ್ರ ತಪ್ಪ ಮಾಡಿದವರು ನೀವು. ನೀವ ಹೋಗ್ರಿ. ಅರ್ಜಿ ಗಿರ್ಜಿ ಬರದೀರಿ ಮತ್ತ!"

ಬಸ್ಸು ತಿಳವಳ್ಳಿಯಲ್ಲಿ ನಿಂತಿತು. ಅಲ್ಲಿ ಹಳೆಯ ಗುಡಿಯಿದೆ. ನಮ್ಮ ಸೀಮೆಯಲ್ಲಿ ಇಂಥ ಗುಡಿಗಳಿಗೂ ಅವುಗಳ ಪಕ್ಕದ ಬರೆದ ಕಲ್ಲುಗಳಿಗೂ ಬರವಿಲ್ಲ. ಅತ್ತ ಅಬಲೂರಿಗೆ ಹೋದರೂ ಸಿಗುತ್ತವೆ. ಬಸ್ಸು ಹೊರಡುವವರೆಗೆ ಆ ಕಲ್ಲು ಕೆತ್ತಿದವನ ಬಗ್ಗೆ ಯೋಚಿಸಿದೆ. ಅವನದೂ ಅಕ್ಷರ ಮೂಡಿಸುವ ವಿಧಾನವೇ. ತಪ್ಪಿದರೆ ಅಳಿಸುವ ಗುಂಡಿಯಿಲ್ಲ. ಮೊಣಕೈ ಪಕ್ಕ ನಿಂತು ಮುಂದಿನ ಶಬ್ದ ಇದೇ ಇರಬೇಕು ಎನ್ನುವವರಿಲ್ಲ. ಎಂಥ ಪುಣ್ಯವಂತ ಎಂದುಕೊಂಡೆ. ಆಮೇಲೆ ನೆನಪಾಯಿತು, ಅವನಿಗೂ ಒಂದು ಪಟ್ಟಿ ಇತ್ತು. "ಸ್ವಸ್ತಿ ಸಮಸ್ತಭುವನಾಶ್ರಯ" ಎಂದು ಉಳಿ ಇಟ್ಟನೆಂದರೆ ಬಿರುದುಗಳ ಸಾಲು ತಾನಾಗಿ ಇಳಿಯುತ್ತದೆ, ಊರೂರಿಗೂ ಅದೇ ಸಾಲು. ಅಂದರೆ ನನ್ನ ಫೋನು ಹೊಸದೇನೂ ಮಾಡಿಲ್ಲ, ನಾನೂ ಹೊಸಬನಲ್ಲ. ಆದರೆ ಯಾವ ವೀರಗಲ್ಲಿಗಾದರೂ ಹೋಗಿ ನೋಡಿ: ಊರಿನ ದನ ಕಾಪಾಡಲು ಹೋಗಿ ಸತ್ತವನ ಹೆಸರು ಬರುವ ಜಾಗವೊಂದಿರುತ್ತದೆ. ಅದು ಮಾತ್ರ ಯಾವ ಸಾಲಿನಲ್ಲೂ ಸಿದ್ಧವಿರಲಿಲ್ಲ. ಅಲ್ಲಿಗೆ ಬಂದಾಗ ಅವನ ಉಳಿ ಒಂದು ಕ್ಷಣ ನಿಂತಿರಬೇಕು. ನನ್ನ ಹೆಬ್ಬೆರಳು "ಅಕ್ಕ" ಎಂಬಲ್ಲಿ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ.

ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಮಾಸೂರಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಮನೆಗೆ ಬೀಗ. ಅಕ್ಕ ಹೊಲದಲ್ಲಿದ್ದಳು. ಆಕೆ ಹತ್ತಿಯ ಬೀಜ ತಯಾರಿಸುವ ಹೊಲದಲ್ಲಿ ಕ್ರಾಸಿಂಗ್ ಮಾಡಿಸುತ್ತಾಳೆ, ತಾನೂ ಮಾಡುತ್ತಾಳೆ. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಮಧ್ಯಾಹ್ನವೇ ಹೆಬ್ಬೆರಳಿನ ಉಗುರಿನಿಂದ ಸುತ್ತಲೂ ಸೀಳಿ, ಒಳಗಿನ ಗಂಡು ಭಾಗವನ್ನು ತೆಗೆದುಬಿಡುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಮುಟ್ಟಿಸುತ್ತಾರೆ. ಉಗುರು ಒಂದು ಕೂದಲು ಆಳಕ್ಕಿಳಿದರೆ ಕಾಯಿ ಉದುರಿತು. ಅಂಥ ಹೆಬ್ಬೆರಳು ಅಕ್ಕನದು. ದಿನಕ್ಕೆ ನೂರಾರು ಮೊಗ್ಗು ಬಿಡಿಸಿದರೂ ಒಂದಕ್ಕೂ ನೋವಾಗುವುದಿಲ್ಲ. ಆ ಗುಂಡಿಗಳ ಫೋನನ್ನು ಆಕೆ ನೋಡದೆಯೇ ಒತ್ತುತ್ತಾಳೆ. ಯಾವ ಮಾಸ್ತರರೂ ಅದರ ಮೇಲೆ ಟವೆಲ್ಲು ಹೊದಿಸಿರಲಿಲ್ಲ.

ಬದುವಿನ ಮೇಲೆ ನನ್ನನ್ನು ಮೊದಲು ಕಂಡವಳು ಸಾಲಿನ ಕೊನೆಯ ಹೆಣ್ಣುಮಗಳು.

"ಯಕ್ಕಾ, ಹಾನಗಲ್ಲ ಕೋರ್ಟ್ ಬಂತು ನೋಡಬೇ!"

"ಖುದ್ದು ಹಾಜರಾಗ್ಯಾರಲೇ!" ಎಂದಳು ಇನ್ನೊಬ್ಬಳು. ಸಾಲಿನಲ್ಲಿದ್ದ ಐದೂ ಹೆಣ್ಣುಮಕ್ಕಳು ಬಗ್ಗಿಕೊಂಡೇ ನಕ್ಕರು. ನನ್ನ ಮೆಸೇಜು ಇಡೀ ಹೊಲಕ್ಕೆ ಬಾಯಿಪಾಠವಾಗಿತ್ತು.

ಅಕ್ಕ ತಿರುಗಲಿಲ್ಲ. ಅವಳ ಹೆಬ್ಬೆರಳು ಒಂದು ಮೊಗ್ಗಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇತ್ತು. ನಾನು ಸಾಲಿನ ಪಕ್ಕ ಸರಿದು ಹೋಗಿ, "ಅಕ್ಕಾ, ತಪ್ಪಾತು" ಎಂದೆ.

"ಬಾಯೀಲೆ ಹೇಳಬ್ಯಾಡ. ಬಾಯೀಲೆ ಯಾರರ ಹೇಳ್ತಾರ." ಸೊಂಟದಿಂದ ಫೋನು ತೆಗೆದು ಹಿಂದೆ ನೋಡದೆಯೇ ಚಾಚಿದಳು. "ಬರದ ಕೆಡಿಸೀದಿ, ಬರದ ನೆಟ್ಟಗ ಮಾಡು. ನನ್ನ ಹೆಂಗ ಕರೀಬೇಕಾಗಿತ್ತು, ಇದರಾಗ ಬರಿ. ನಾ ಈ ಸಾಲ ಮುಗಿಸಿ ಬರೂದ್ರಾಗ."

"ಇದರಾಗನ?"

"ಹೂಂ ಮತ್ತ. ನಿನ್ನ ಶಾಣ್ಯಾ ಫೋನ್ ಕಿಸೇದಾಗ ಇರ್ಲಿ."

ಬದುವಿನ ಮೇಲೆ ಕುಳಿತೆ. ಎಲೆಯ ಗಂಟು ಪಕ್ಕದಲ್ಲಿಟ್ಟೆ. ಗುಂಡಿಗಳ ಮೇಲಿನ ಅಕ್ಷರ ಅಕ್ಕನ ಹೆಬ್ಬೆರಳಿಗೆ ಸವೆದು ಹೋಗಿದ್ದವು. ತಡವರಿಸಿ ಅ ಹಿಡಿದೆ. "ಅಕ್ಕ" ಎಂಬಲ್ಲಿ ಎರಡು ಕ ಒಂದೇ ಗುಂಡಿಯಲ್ಲಿವೆ. ಅವಸರ ಮಾಡಿದರೆ ಕ ಹೋಗಿ ಖ ಆಗುತ್ತದೆ, ಖ ಹೋಗಿ ಗ ಆಗುತ್ತದೆ. ಒತ್ತಿ, ಕಾದು, ಮತ್ತೆ ಒತ್ತಬೇಕು. ನಾಲ್ಕು ಸಲ ಕೆಟ್ಟು ಐದನೆಯ ಸಲ "ಅಕ್ಕಾ" ಮೂಡಿತು. ಅಲ್ಲಿಗೆ ನಿಂತೆ. ಮೇಲೆ ಪಟ್ಟಿ ಇರಲಿಲ್ಲ. ಯಾರೂ ಏನನ್ನೂ ಹಿಡಿದುಕೊಂಡು ನಿಂತಿರಲಿಲ್ಲ. ಮಿಣುಕುವ ಒಂದು ಗೆರೆ, ಅದರ ಮುಂದೆ ಬಯಲು. ಇಪ್ಪತ್ತಾರು ವರ್ಷ ಊರವರ ಮಾತು ಬರೆದುಕೊಟ್ಟ ನನಗೆ ಅಕ್ಕ ಎಂದಾದ ಮೇಲಿನ ಎರಡನೆಯ ಶಬ್ದ ತಿಳಿಯಲಿಲ್ಲ.

ನನಗಾದ ಗಾಬರಿಯನ್ನು ಏನೆಂದು ಹೇಳಲಿ. ಆ ಕಡೆ ಅಕ್ಕ ಸಾಲಿನ ಅರ್ಧಕ್ಕೆ ಬಂದಿದ್ದಳು. ಒಂದು ವಾಕ್ಯ ಹೊಳೆಯಿತು. ಅದರಲ್ಲಿ "ತಮ್ಮ" ಮತ್ತು "ಸನ್ನಿಧಿ" ಇದ್ದವು. ಬಿಟ್ಟೆ. ಇನ್ನೊಂದು ಹೊಳೆಯಿತು, ಅದು ಲಗ್ನಪತ್ರಿಕೆಯಲ್ಲಿ ಅಚ್ಚಾದದ್ದು. ಬಿಟ್ಟೆ. ಆಕೆ ಬರದಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಮಣೆಯ ಮೇಲೆ ಕೂರಲೊಲ್ಲದ ಮಗಳು ಕಣ್ಣ ಮುಂದೆ ಬಂದಳು. ಅಷ್ಟಾದ ಮೇಲೆ ಒತ್ತತೊಡಗಿದೆ. ನಾಲ್ಕು ಒತ್ತಿಗೆ ಒಂದು ತಪ್ಪು, ಎರಡು ಅಕ್ಷರಕ್ಕೆ ಒಂದು ಅಳಿಸು. ಬಿಸಿಲು ನೆತ್ತಿಯಿಂದ ಜಾರಿ ಮುಖಕ್ಕೆ ಬಂತು. ಹೆಬ್ಬೆರಳಿನ ಗೆಣ್ಣು ಉರಿಯುತ್ತಿತ್ತು. ಕೊರಳ ಬೆವರು ಅಂಗಿಯೊಳಗೆ ಇಳಿಯುತ್ತಿತ್ತು. ಕೊನೆಯ ಅಕ್ಷರ ಮೂಡಿದಾಗ ಅಕ್ಕ ಸಾಲು ಮುಗಿಸಿ ನನ್ನ ತಲೆಯ ಮೇಲೆ ನಿಂತಿದ್ದಳು.

ಫೋನು ಇಸಿದುಕೊಂಡು ದೂರ ಹಿಡಿದು ತುಟಿ ಆಡಿಸುತ್ತ ಓದಿದಳು.

"ಅಕ್ಕಾ ನೀ ಬಾ. ನೀ ಇಲ್ಲದ ನನಗ ಕೈಕಾಲು ಆಡಂಗಿಲ್ಲ."

"ಏನ್ ಬರದಾರಬೇ ಯಕ್ಕಾ?" ಎಂದು ಸಾಲಿನಿಂದ ಕೂಗು ಬಂತು.

"ಏನೂ ಇಲ್ಲ, ಎರಡು ಮಾತು." ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾಲ್ಕು ದಿನದ ಮೇಲೆ ಮೊದಲ ಸಲ ತುಟಿಯ ಮೂಲೆ ಸಡಿಲವಾಯಿತು. "ಆದ್ರ ಬೆವತಾನ ನೋಡ್ರಿ."

ಸೆರಗಿನಿಂದ ನನ್ನ ಹಣೆ ಒರೆಸಿ, ಪಕ್ಕ ಕುಳಿತು, ಎಲೆಯ ಗಂಟು ತಾನೇ ಬಿಚ್ಚಿದಳು. ಒಂದು ಎಲೆಯ ತೊಟ್ಟು ಮುರಿದು ಬಾಯಿಗಿಟ್ಟುಕೊಂಡಳು. ಎಲೆ ಬಾಯಿಗೆ ಹೋಯಿತೆಂದರೆ ಕರೆ ಮುಟ್ಟಿತೆಂದು ಅರ್ಥ.

"ಇದನ್ನ ಯಾರಿಗೆ ಕಳಿಸ್ಲಿ ಅಕ್ಕಾ?" ಎಂದೆ. ಆಕೆ ಬದುವಿನ ಮೇಲಿಟ್ಟ ಫೋನು ಇನ್ನೂ ಕಾಯುತ್ತಿತ್ತು.

"ನಿನಗ ಕಳಿಸ್ಕೊ. ಹೆಂಗ ಕರೀಬೇಕಂತ ನೆನಪಿರ್ಲಿ."

ಹೀಗಾಗಿ ನನ್ನ ಫೋನಿನಲ್ಲಿ ಈಗ ಅಕ್ಕನ ನಂಬರಿನಿಂದ ಬಂದ, ಅಕ್ಕನನ್ನು ಕರೆಯುವ ಒಂದು ಮೆಸೇಜಿದೆ. ನೋಡಿದವರು ಗೊಂದಲಪಡುತ್ತಾರೆ, ನಾನು ವಿವರಿಸುವುದಿಲ್ಲ.

ಇಷ್ಟಾದರೂ ನನ್ನ ಸಿಟ್ಟು ಇಳಿದಿಲ್ಲ ಎಂಬುದನ್ನು ದಾಖಲಿಸುತ್ತೇನೆ. ನನ್ನ ಶ್ರಮ ಉಳಿಸಲು ಎಲ್ಲೋ ಯಾರೋ ಹಗಲಿಡೀ ದುಡಿಯುತ್ತಿದ್ದಾರಂತೆ. ದುಡಿಯಲಿ. ಆದರೆ ಯಾವ ಶ್ರಮ ಉಳಿಸಬೇಕು ಎಂದು ಒಂದು ಮಾತು ಕೇಳಬಾರದೇ? ಬಾವಿಯ ಹೂಳಿನ ಅರ್ಜಿಗೆ ನನ್ನ ಬೆವರು ಬೇಕಾಗಿಲ್ಲ. ಅದನ್ನು ಫೋನೇ ಬರೆದುಕೊಳ್ಳಲಿ, ನನ್ನ ಒಪ್ಪಿಗೆಯಿದೆ. ಬೆವರಬೇಕಾದ ಜಾಗದಲ್ಲಿ ಗಾಳಿ ಹಾಕಿ ನನ್ನನ್ನು ಮಲಗಿಸಿಬಿಟ್ಟಿತಲ್ಲ, ಅದಕ್ಕೆ ನನ್ನ ತಕರಾರು.

ಅಕ್ಕ ಬುಧವಾರ ಸಂಜೆಯೇ ಬಂದಳು. ಗುರುವಾರ ಸವಿತಾ ಮಣೆಯ ಮೇಲೆ ಕುಳಿತಳು. ಮೊದಲ ಬಳೆ ಅತ್ತೆಯದೇ; ಮಗಳ ಕೈ ಸ್ವಲ್ಪ ಬಾತಿತ್ತು, ಆದರೂ ಹಸಿರು ಬಳೆ ಚುರುಕ್ ಎನ್ನದೆ ಏರಿತು. ಅಂಥ ಹೆಬ್ಬೆರಳು ಆಕೆಯದು ಎಂದು ಹೇಳಿದೆನಲ್ಲ. ನನ್ನದು ಮಾತ್ರ ಭಾನುವಾರ ಗುಂಡಿ ಒತ್ತಿದ್ದಕ್ಕೆ ಇನ್ನೂ ಊದಿಕೊಂಡೇ ಇತ್ತು. ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುವಾಗ ಚಮಚ ಜಾರಿದ್ದನ್ನು ಅಕ್ಕ ನೋಡಿದಳು. ಊಟವಾದ ಮೇಲೆ ಹಿತ್ತಿಲಿಗೆ ಕರೆದು, ಅರಿಶಿನ-ಸುಣ್ಣ ಕಲಸಿ, ಬಿಸಿ ಮಾಡಿ ಗೆಣ್ಣಿಗೆ ಹಚ್ಚಿದಳು.

"ಸಾಕು ಬಿಡಕ್ಕಾ, ತಾನ ಇಳೀತೈತಿ."

"ತಾನ ಇಳದ್ರ ಹೆಂಗ? ಮೂರು ತಿಂಗಳಿಗೆ ತೊಟ್ಟಲಕ್ಕ ಕರೀಬೇಕಲ್ಲ ನೀ ನನ್ನ. ಬೆರಳ ಗಟ್ಟಿ ಮಾಡ್ಕೊ."

"ಆವಾಗ ಮೆಸೇಜ್ ಬ್ಯಾಡ. ಬಸ್ ಹಿಡದು ಮನಿಗೇ ಬರ್ತೇನಿ."

"ಬಾ. ಬಂದೂ ಕರಿ, ಬರದೂ ಕರಿ. ಈಗ ರುಚಿ ಹತ್ತೇತಿ ನನಗ."

ಮೂರು ತಿಂಗಳೆಂದರೆ ಚಿಂತೆ ಮಾಡುವವನಿಗೆ ಬಹಳ ಕಡಿಮೆ ಸಮಯ. "ಅಕ್ಕಾ" ಎಂಬುದು ಖಾತ್ರಿಯಾಗಿದೆ. ಅದರ ಮುಂದಿನ ಶಬ್ದವನ್ನು ಈಗಿನಿಂದಲೇ ಹುಡುಕುತ್ತಿದ್ದೇನೆ.